ಒಂದನೇ ತರಗತಿಯ ಮುಯ್ಯಾಳು

ಸುಗ್ಗಿ ಮುಗಿಯುತ್ತಾ ಬಂದಿತ್ತು. ಶಾಲೆಯ ಹಿಂದಿನ ಕಣದಲ್ಲಿ ಬೆಳಿಗ್ಗೆಯೇ ಕಾಳು ತೂರುತ್ತಿದ್ದರು. ಹೊಟ್ಟು ಗಾಳಿಗೆ ತೇಲಿ ಬಂದು ಕಿಟಕಿಯ ಮೇಲೆ ಕೂರುತ್ತಿತ್ತು. ಏಳನೇ ತರಗತಿಯ ಲೆಕ್ಕದ ಮೇಷ್ಟ್ರು ಒಂದನೇ ತರಗತಿಯ ಬಾಗಿಲಲ್ಲಿ, ಬೀಗರ ಮನೆಗೆ ಮೊದಲ ಸಲ ಬಂದವರಂತೆ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದರು.

ಆ ಶಾಲೆಯಲ್ಲಿ ಪುಟ್ಟವರಿಗೆ ಬೆಳಿಗ್ಗೆ ಪಾಠ, ದೊಡ್ಡವರಿಗೆ ಮಧ್ಯಾಹ್ನ. ರಜೆ ಹಾಕಿದವರು ಹೊಲದ ಮುಯ್ಯಾಳಿನ ಹಾಗೆ ದಿನಕ್ಕೆ ದಿನ ದುಡಿದು ತೀರಿಸಬೇಕು. ಹಿಂದೆ ಮೇಷ್ಟ್ರು ಜ್ವರದಲ್ಲಿ ಮಲಗಿದ್ದಾಗ ಒಂದನೇ ತರಗತಿಯ ಟೀಚರಮ್ಮ ಏಳನೇ ತರಗತಿಯನ್ನು ಸುಧಾರಿಸಿದ್ದರು. ಇಂದು ಅವರು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು, ಅವರ ಬದಲಿಗೆ ಮೇಷ್ಟ್ರು ಬಂದಿದ್ದರು. ಈ ಬಾಕಿ ತೀರಿದರೆ ಶುಕ್ರವಾರಕ್ಕೆ ಮತ್ತೆ ಅವರನ್ನೇ ಕೇಳಬಹುದು. ಶುಕ್ರವಾರ ಮೇಷ್ಟ್ರ ಮಗಳು ಹೊಸ ಕೆಲಸಕ್ಕೆಂದು ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ಅವಳನ್ನು ಆ ದೂರದ ಊರಿಗೆ ಬಿಟ್ಟುಬರಬೇಕು.

ಟೀಚರಮ್ಮ ಹೇಳಿಹೋಗಿದ್ದು ಇಷ್ಟೇ: "ಇವತ್ತು ‘ಹ’ದಿಂದ ಶುರುವಾಗೋ ಕೆಲಸದ ಪದಗಳು ಸಾರ್. ನೀವು ಹೇಳಿ, ಅವು ಮಾಡ್ತವೆ."

"ಹಾಡು," ಎಂದರು ಮೇಷ್ಟ್ರು. ಇಡೀ ತರಗತಿ ಹಾಡಿತು, ಒಬ್ಬೊಬ್ಬರದು ಒಂದೊಂದು ಹಾಡು.

"ಸಾಕು, ಸುಮ್ನಿರಿ."

"ಅದು ‘ಹ’ ಅಲ್ಲ ಸಾರ್," ಎಂದಳು ಎರಡು ಜಡೆಯ ಹುಡುಗಿ. "ಬೇರೆ ‘ಹ’ ಹೇಳೋವರೆಗೂ ನಾವು ನಿಲ್ಲಿಸಲ್ಲ. ಟೀಚರ್ ಹಾಗೇ ಹೇಳ್ಕೊಟ್ಟಿರೋದು."

"ಹಾರು," ಎಂದರು ಮೇಷ್ಟ್ರು ಸೋತು. ನೆಲ ಅದುರಿತು. ಕಿಟಕಿಯಲ್ಲಿ ಡ್ರಿಲ್ ಮೇಷ್ಟ್ರ ಮುಖ ಕಾಣಿಸಿತು.

"ನೆಲದ ಮೇಲೆ ಬಿಟ್ರೆ ಹಾಗೇ ಮೇಷ್ಟ್ರೇ. ‘ಹತ್ತು’ ಅನ್ನಿ. ಬೆಂಚು ಹತ್ತಿ ನಿಂತ್ಕೋತವೆ."

ಹತ್ತಿದರು. ಬೆಂಚು, ಬೆಂಚಿನಿಂದ ಮೇಜು, ಮೇಜಿನಿಂದ ಕಿಟಕಿಯ ಸರಳು.

"ಬೀಳ್ತವಲ್ರೀ," ಎನ್ನುತ್ತಾ ಮೇಷ್ಟ್ರು ಕೈ ಚಾಚಿ ಮುಂದೆ ಬಂದರು.

"‘ಹಿಡಿ’ ಅನ್ನಿ ಮತ್ತೆ. ಹಿಡ್ಕೊಂಡವರು ಬೀಳಲ್ಲ."

ಅಂದರು. ಮಕ್ಕಳು ಹಿಡಿಯಲು ಆರಿಸಿಕೊಂಡಿದ್ದು ಮೇಷ್ಟ್ರನ್ನೇ. ತೋಳಿಗೆ, ಸೊಂಟಕ್ಕೆ, ಕಾಲಿಗೆ ಜೋತುಬಿದ್ದರು. ಬುಡದಿಂದಲೇ ಕಾಯಿ ಕಚ್ಚಿದ ಹಲಸಿನ ಮರದಂತೆ ಮೇಷ್ಟ್ರು ಅಲ್ಲಾಡದೆ ನಿಂತರು. ಡ್ರಿಲ್ ಮೇಷ್ಟ್ರು ಕಿಟಕಿಯಿಂದ ಮೆಲ್ಲಗೆ ಜಾರಿಕೊಂಡರು.

ಎಲ್ಲರಿಗಿಂತ ಸಣ್ಣವನೊಬ್ಬ ಅವರ ಕಿರುಬೆರಳು ಹಿಡಿದು ಮೇಲೆ ನೋಡುತ್ತಿದ್ದ. ಶಾಲೆಗೆ ಸೇರಿದ ದಿನ ಮಗಳು ಹಿಡಿದಿದ್ದೂ ಇದೇ ಬೆರಳು. ಏನೋ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಗಂಟೆ ಹೊಡೆದಿತ್ತು.

"ಹೇಳು," ಎಂದರು ಮೇಷ್ಟ್ರು, ಪಾಠ ಮರೆತು.

"ನಮ್ಮನೆ ನಾಯಿಮರಿ ಇನ್ನೂ ಕಣ್ಣು ಬಿಟ್ಟಿಲ್ಲ ಸಾರ್. ಆದ್ರೂ ನಾನು ಅಂತ ಅದಕ್ಕೆ ಗೊತ್ತಾಗುತ್ತೆ."

ಹಿಡಿದ ಕೈಗಳೆಲ್ಲ ಸಡಿಲವಾದವು. ಹೇಳುವುದು ಎಲ್ಲರಿಗೂ ಇತ್ತು. ಮೇಷ್ಟ್ರು ನೆಲದ ಮೇಲೆ ಕೂತು ಒಬ್ಬೊಬ್ಬರದೂ ಕೇಳಿದರು. ಹೆಡ್ ಮೇಡಂ ಬಾಗಿಲಿಗೆ ಬಂದು ಬಹಳ ಹೊತ್ತು ನಿಂತು ಹೋದದ್ದೂ ಅವರಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಟೀಚರಮ್ಮ ನಗುತ್ತಾ ಬಂದರು. "ನಿಮ್ಮ ಬಾಕಿ ತೀರಿತು ಸಾರ್. ಹೆಡ್ ಮೇಡಂ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

"ಹಾಗಾದ್ರೆ ಶುಕ್ರವಾರ ನನ್ನ ಏಳನೇ ತರಗತಿ..."

"ನಾನೇ ನೋಡ್ಕೋತೀನಿ. ಶುಕ್ರವಾರ ಯಾಕೆ, ನಾಳೆಯಿಂದ ದಿನಾ ನಾನೇ. ಅಮ್ಮನಿಗೆ ಇನ್ನು ದಿನಾ ಬೆಳಿಗ್ಗೆ ಆಸ್ಪತ್ರೆ. ಮಧ್ಯಾಹ್ನದ ಪಾಠ ಕೊಡಿ ಅಂತ ಕೇಳಿದ್ದೆ. ಪುಟ್ಟವರನ್ನ ಸಂಭಾಳಿಸೋರು ಸಿಗಲಿ ಅಂದಿದ್ರು ಹೆಡ್ ಮೇಡಂ. ಇವತ್ತು ನೀವು ಸಿಕ್ಕಿದ್ರಂತೆ."

ಮೇಷ್ಟ್ರು ತುಸು ಹೊತ್ತು ಲೆಕ್ಕ ಹಾಕಿದರು. "ಅಂದ್ರೆ, ಶುಕ್ರವಾರ ಬೆಳಿಗ್ಗೆ ಒಂದನೇ ತರಗತಿಗೆ?"

"ಅದಕ್ಕೆ ನೀವೇ ಯಾರನ್ನಾದ್ರೂ ಹುಡುಕ್ಕೋಬೇಕು ಸಾರ್."

ಮೇಷ್ಟ್ರು ಮೈದಾನದ ಕಡೆ ತಿರುಗಿದರು. ಡ್ರಿಲ್ ಮೇಷ್ಟ್ರು ಅದಾಗಲೇ ಸೈಕಲ್ ಹತ್ತಿ ಗೇಟು ದಾಟುತ್ತಿದ್ದರು. ಯಾರಿಗೂ ಒಂದು ದಿನದ ಬಾಕಿಯನ್ನೂ ಕೊಡಬೇಕಾಗಿರದ ಲೆಕ್ಕದ ಮೇಷ್ಟ್ರು, ಮಗಳಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಾ ಅಲ್ಲೇ ನಿಂತರು.