ಉದ್ಧರಣ ಚಿಹ್ನೆಯೂ ನಮ್ಮತ್ತೆಯೂ

ಜಾಗಕ್ಕಾಗಿ, ನೀರಿಗಾಗಿ ಜಗಳ ಆಡುವವರನ್ನು ನೀವು ನೋಡಿರಬಹುದು. ಉದ್ಧರಣ ಚಿಹ್ನೆಗಾಗಿ ಜಗಳಕ್ಕೆ ನಿಂತವರನ್ನು ನೋಡಿದ್ದೀರಾ? ಸಿದ್ದಾಪುರಕ್ಕೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ!

ಅತ್ತೆ ನಿವೃತ್ತ ಕನ್ನಡ ಟೀಚರು. ಉಳಿದವರು ನಿವೃತ್ತಿಯಾದ ಮೇಲೆ ತೀರ್ಥಯಾತ್ರೆಗೆ ಹೊರಟರೆ ಇವರು ವಿಡಿಯೋ ನೋಡಿ ಪ್ರೋಗ್ರಾಮಿಂಗ್ ಕಲಿತರು. ಕಾರಣ, ಆನೆ. ನಮ್ಮ ಕಾಫಿ ಎಸ್ಟೇಟ್ ರಸ್ತೆಯಲ್ಲಿ ಬೆಳಗ್ಗೆ ಎದುರಿಗೆ ಬರುವುದು ಬಸ್ಸೋ ಆನೆಯೋ ಹೇಳುವಂತಿಲ್ಲ. ಕಾವಲುಗಾರ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಕಾರ್ಮಿಕರಿರುವ ಲೈನ್‌ಮನೆಗಳ ಎಲ್ಲ ಫೋನಿಗೂ “ಆನೆ ಬಂದಿದೆ” ಎಂಬ ಸಂದೇಶ ಹೋಗಬೇಕು. ಇದು ಅತ್ತೆಯ ಯೋಜನೆ.

ಆದರೆ ಕೋಡ್ ಬರೆಯುವ ಎಡಿಟರಿನಲ್ಲಿ ಅಕ್ಷರಗಳು ಇರುವೆ ಸಾಲಿನಂತಿವೆ ಎಂದು ಅವರು ಎಲ್ಲವನ್ನೂ ಪತ್ರ ಟೈಪ್ ಮಾಡುವ ತಂತ್ರಾಂಶದಲ್ಲೇ ಬರೆಯುತ್ತಿದ್ದರು. ಅದೋ ಮಹಾ ಬುದ್ಧಿವಂತ! ನೇರ " ಒತ್ತಿದರೆ ತಾನಾಗಿಯೇ “ ” ಎಂದು ಬಾಗಿಸಿಬಿಡುತ್ತದೆ. ಅದನ್ನು ಎಡಿಟರಿಗೆ ಪೇಸ್ಟ್ ಮಾಡಿದರೆ ಕಥೆ ಮುಗಿಯಿತು. ಅದಕ್ಕೆ ಅರ್ಥವಾಗುವುದು ನೇರ ಗುರುತು ಮಾತ್ರ. ಬಾಗಿದ್ದಕ್ಕೆಲ್ಲ ಕೆಂಪು ಗೆರೆ.

“ಜೀವಮಾನವಿಡೀ ಕೆಂಪು ಗೆರೆ ಹಾಕಿದವಳು ನಾನು. ನನಗೇ ಹಾಕ್ತದಾ ಇದು?”

“ನೇರ ಕೋಟ್ ಹಾಕಿ ಅತ್ತೆ, ಸಾಕು.”

“ಮಾತು ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಬಾಗಿದ್ರಲ್ವಾ ಮಾರಾಯ ಗೊತ್ತಾಗೋದು? ಎರಡೂ ಕಡೆ ಮೊಳೆ ಹೊಡೆದ ಹಾಗೆ ಇಟ್ರೆ ಅದು ಮಾತಾ, ಬೇಲಿಯಾ?”

ನಾನೇ ಗುರುತುಗಳನ್ನೆಲ್ಲ ನೇರ ಮಾಡಿ, ತಾನಾಗಿ ಬಾಗಿಸುವ ಸೆಟ್ಟಿಂಗನ್ನೂ ಆಫ್ ಮಾಡಿದೆ. ಪ್ರೋಗ್ರಾಮು ಓಡಿತು. ಮರುದಿನ ನೋಡಿದರೆ ಸೆಟ್ಟಿಂಗ್ ಮತ್ತೆ ಆನ್!

“ನಾಮಕರಣದ ಕರೆಯೋಲೆ ಬರೀಬೇಕಿತ್ತು. ಮಗುವಿನ ಹೆಸರಿಗೂ ಮೊಳೆ ಹೊಡೀಲಾ?”

ಅಷ್ಟಕ್ಕೇ ನಿಲ್ಲಿಸಿದರೇ? ಅದೇ ಕೈಯಲ್ಲಿ ಆನೆಯ ಸಂದೇಶದ ವ್ಯಾಕರಣವನ್ನೂ ತಿದ್ದಿ, ನನಗೆ ಹೇಳದೆ, ಬಾಗಿದ ಗುರುತಿನ ಸಮೇತ ಪೇಸ್ಟ್ ಮಾಡಿದ್ದರು. ಬೆಳಗ್ಗೆ ಕಾವಲುಗಾರನ ಫೋನು.

“ಟೀಚರೇ, ಒತ್ತಿ ಒತ್ತಿ ಬೆರಳು ನೋಯ್ತದೆ, ಒಂದು ಮೆಸೇಜೂ ಹೋಗ್ತಿಲ್ಲ! ಒಂಟಿ ಸಲಗ ರಸ್ತೆಗೆ ಇಳಿದಾಯ್ತು!”

ಕಾಫಿ ಹಣ್ಣಿನ ಪಿಕಿಂಗಿಗೆ ಹೆಂಗಸರು ಹೊರಡುವ ಹೊತ್ತು. ನಾನು ಸ್ಕೂಟರ್ ಸ್ಟಾರ್ಟ್ ಮಾಡುವಷ್ಟರಲ್ಲಿ ಅತ್ತೆ ಹಿಂದೆ ಕುಳಿತಾಗಿತ್ತು, ಚಪ್ಪಲಿ ಕೂಡ ಇಲ್ಲದೆ.

“ಆನೆ ಬಂತು! ಯಾನೆ ವಂದಿರ್ಚು! ಆನ ವನ್ನು!”

ಕನ್ನಡ, ತಮಿಳು, ಮಲಯಾಳ, ಮೂರು ಭಾಷೆಯಲ್ಲಿ ಅತ್ತೆಯ ಆ ಗಂಟಲು! ತಿರುವಿನವರೆಗೆ ಬಂದಿದ್ದ ಹೆಂಗಸರು ಹಿಂದಕ್ಕೆ ಓಡಿದರು. ಆಚೆ ಬದಿಯಲ್ಲಿದ್ದ ಸಲಗವೂ ತೋಟಕ್ಕೆ ಓಡಿತು. ಅದಕ್ಕೆ ಯಾವ ಭಾಷೆ ಅರ್ಥವಾಯಿತೋ ಕಾಣೆ.

ಮನೆಗೆ ಬಂದ ಅತ್ತೆ ಸೀದಾ ಕಂಪ್ಯೂಟರ್ ಮುಂದೆ ಕುಳಿತರು. ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ, ಒಂದೊಂದೇ ಗುರುತನ್ನು ನೇರ ಮಾಡಿದರು. “ಚೆಂದ ಇಲ್ಲ” ಎಂದು ಗೊಣಗಿ, ಸಂದೇಶಕ್ಕೆ ಏನೋ ಸೇರಿಸಿದರು.

ಅದೇನೆಂದು ತಿಳಿದದ್ದು ಮುಂದಿನ ಸಲ ಆನೆ ಬಂದಾಗ. ಅತ್ತೆಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ನನ್ನ ಫೋನಿಗೂ ಬಂತು: “ಆನೆ ಬಂದಿದೆ. ಹೊರಗೆ ಬರಬೇಡಿ. ಒಳಗಿದ್ದರೆ ಟೀಚರಿಗೊಂದು ಮಿಸ್ಡ್ ಕಾಲ್ ಕೊಡಿ.”

ಅತ್ತೆಯ ಫೋನು ಹೊಡೆದುಕೊಳ್ಳತೊಡಗಿತು. ಒಂದೊಂದು ಸಲ ನಿಂತಾಗಲೂ ಅತ್ತೆ ಮೆಲ್ಲಗೆ ಒಂದು ಹೆಸರು ಹೇಳಿಕೊಳ್ಳುತ್ತಿದ್ದರು. ಆಮೇಲೆ ಸದ್ದಿಲ್ಲ.

“ಲೈನ್‌ಮನೆ ಸೆಲ್ವಿ ಮಾಡ್ಲಿಲ್ಲ,” ಎಂದರು. ಎದ್ದರು, ಬಾಗಿಲವರೆಗೆ ಹೋದರು, ಬಂದರು. ಕೊನೆಗೆ ಫೋನು ಬಡಿದುಕೊಂಡಾಗ, ಮಿಸ್ಡ್ ಕಾಲ್ ಎಂಬುದನ್ನೂ ಮರೆತು ಎತ್ತಿಬಿಟ್ಟರು.

“ಟೀಚರೇ, ಒಳಗೇ ಇದ್ದೀನಿ. ಚಾರ್ಜ್ ಇರ್ಲಿಲ್ಲ.”

ಈಗ ಬೈಗುಳದ ಮಳೆ ಎಂದುಕೊಂಡು ನಾನು ಲೋಟ ಕೆಳಗಿಟ್ಟೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

“ತಿಂಡಿ ಆಯ್ತಾ ಮಗಾ?”