ಮೊಂಡು ಸೂಜಿ

ಟೇಲರ್ ಮಾಸ್ಟರ ಮನೆಗೆ ಬೇರೆ ಅಂಗಡಿಯಿಂದ ಸೂಜಿ ಬರುವುದೆಂದರೆ ಏನರ್ಥ? ಮಾಸ್ಟರು ಈ ಪ್ರಶ್ನೆಯನ್ನು ಮೊದಲು ಹೆಂಡತಿಯನ್ನು ಕೇಳಿದರು. ಅವಳು ಚಪ್ಪಲಿ ಹುಡುಕತೊಡಗಿದಳು. ಆಮೇಲೆ ಹೊಲಿಗೆ ಯಂತ್ರವನ್ನು ಕೇಳಿದರು. ಮೂವತ್ತೊಂದು ವರ್ಷದಿಂದ ಅದು ಅವರಿಗೆ ಎದುರಾಡಿದ್ದಿಲ್ಲ (ಆ ಮನೆಯಲ್ಲಿ ಎದುರಾಡದೆ ಇದ್ದದ್ದು ಅದೊಂದೇ).

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಡಬ್ಬಿಗಟ್ಟಲೆ ಸೂಜಿ, ಗೋಡೆ ತುಂಬ ನೂಲಿನ ರೀಲು, ಮೇಜಿನ ಮೇಲೆ ಮೊಳದುದ್ದದ ಕತ್ತರಿ. ಹೀಗಿರುವಾಗ ಮಾಸ್ಟ್ರಮ್ಮ (ಬೀದಿಯವರೆಲ್ಲ ಅವಳನ್ನು ಕರೆಯುವುದು ಹಾಗೆ) ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲೊಂದು ಚೀಟಿ ಹಿಡಿದು ಹೊರಟು ನಿಂತಿದ್ದಳು. ಮಹಡಿ ಮನೆಯ ಟೀಚರಮ್ಮ ಬಟ್ಟೆಯ ಚೌಕ ಎಣಿಸಿ ಗುಣಾಕಾರದ ಗುರುತಿನಂತೆ ಹೊಲಿಯುವ ಕ್ರಾಸ್ ಸ್ಟಿಚ್ ಕಸೂತಿ ಹಾಕುವುದನ್ನು ನೋಡಿ ತಾನೂ ಕಲಿಯುತ್ತೇನೆಂದು ಪಟ್ಟು ಹಿಡಿದಿದ್ದಳು. ಬೇಕಾದ ಸಾಮಾನಿನ ಚೀಟಿ ಬರೆದುಕೊಟ್ಟವರೂ ಟೀಚರಮ್ಮನೇ.

"ಸೂಜಿ ಕೊಳ್ಳೋಕೆ ಹೋಗ್ತೀಯಾ? ನನ್ನ ಹೆಂಡ್ತಿ! ಸೂಜಿ! ಜನ ಏನಂತಾರೆ?"

"ಜನ ಏನೂ ಅನ್ನಲ್ಲ ರೀ. ನಮ್ಮ ಪ್ಯಾಂಟು ಯಾವಾಗ ಕೊಡ್ತೀರಿ ಅಂತಾರೆ, ಅಷ್ಟೇ."

ಮಾಸ್ಟರು ಅಂಗಡಿಗೆ ಬೀಗ ಜಡಿದು, ದಂಡಯಾತ್ರೆಗೆ ಹೊರಟವರಂತೆ ಅವಳ ಬೆನ್ನು ಹತ್ತಿದರು.

ಕಸೂತಿ ಸಾಮಾನಿನ ಅಂಗಡಿಯಾಕೆ ಕನ್ನಡಕವನ್ನು ಸರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ, ಯಾವುದಕ್ಕೂ ಗಾಬರಿಯಾಗದ ಹೆಂಗಸು. ಚೀಟಿ ನೋಡಿ ಒಂದು ಸೂಜಿ ತೆಗೆದಿಟ್ಟಳು. ಮಾಸ್ಟರು ಅದರ ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದರು.

"ಇದು ಮೊಂಡಾಗಿದೆ."

"ಮೊಂಡೇ ಇರ್ಬೇಕು ಸಾರ್. ಬಟ್ಟೇಲಿ ಮೊದಲೇ ತೂತಿರತ್ತಲ್ಲ, ಅದರಲ್ಲೇ ಹೋಗಿ ಅದರಲ್ಲೇ ಬರೋದು. ಚುಚ್ಚಬಾರ್ದು."

"ಚುಚ್ಚದ ಸೂಜಿ! ಕತ್ತರಿಸದ ಕತ್ತರಿ, ಹೊಲಿಯದ ಟೇಲರು, ಎಲ್ಲಾ ಇಲ್ಲೇ ಸಿಗತ್ತೋ?"

"ಕೊನೇದು ನಮ್ಮನೇಲಿದೆ," ಎಂದಳು ಮಾಸ್ಟ್ರಮ್ಮ, ನೂಲಿನ ಲಡಿಗಳತ್ತ ನೋಡುತ್ತ.

ಅಷ್ಟರಲ್ಲಿ ಮ್ಯಾಟಿ ಬಟ್ಟೆ ಬಂತು. ಮಾಸ್ಟರು ಅದನ್ನು ಬೆಳಕಿಗೆ ಹಿಡಿದರು. ಬಟ್ಟೆಯ ಉದ್ದಗಲಕ್ಕೂ ಸಾಲು ಸಾಲು ತೂತು! ತಮ್ಮ ಅಂಗಡಿಯಲ್ಲಿ ಒಂದೇ ಒಂದು ತೂತು ಬಿದ್ದರೂ ಗಿರಾಕಿ ಬೀದಿ ಕೂಡಿಸುತ್ತಾನೆ; ಇಲ್ಲಿ ಸಾವಿರ ತೂತಿಗೆ ಮರ್ಯಾದೆ! ನೂಲಿನದಂತೂ ಇನ್ನೂ ಅನ್ಯಾಯ. ಆರೆಳೆಯ ನೂಲು ಕೊಳ್ಳಬೇಕಂತೆ, ಬಿಡಿಸಿ ಎರಡೆಳೆಯಲ್ಲಿ ಹೊಲಿಯಬೇಕಂತೆ. ಬಟ್ಟೆಯನ್ನು ಬಿಗಿಯಾಗಿ ಹಿಡಿಯಲು ಮರದ ರಿಂಗು ಬೇರೆ. ಬೆರಳುದ್ದದ ಕತ್ತರಿ ನೋಡಿದಾಗ ಅವರಿಗೆ ತಡೆಯಲಾಗಲಿಲ್ಲ.

"ಇದರಲ್ಲಿ ಇರುವೆ ಮೀಸೆ ಕತ್ತರಿಸ್ತಾರಾ? ನಡಿಯೇ ಮನೆಗೆ! ರಿಂಗಂತೆ ರಿಂಗು. ಬಟ್ಟೆ ಹಿಡಿಯೋಕೆ ದೇವರು ಎರಡು ಮಂಡಿ ಕೊಟ್ಟಿದಾನೆ."

ಮಾಸ್ಟ್ರಮ್ಮ ಚೀಟಿಯನ್ನು ವಾಪಸ್ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. ಕೊನೆಗೆ ಚೌಕಗಳಲ್ಲಿ ಬರೆದ ನೀಲಿ ಹಕ್ಕಿಯ ನಕ್ಷೆಯೊಂದನ್ನು ಮಾತ್ರ ಕೊಂಡು ಹೊರಬಂದಳು. ದಾರಿಯುದ್ದಕ್ಕೂ ಅವಳ ಚಪ್ಪಲಿ ಪಟಪಟನೆ ಬಡಿಯಿತು. ಮಾಸ್ಟರಿಗೆ ಅದು ಜಯಘೋಷದಂತೆ ಕೇಳಿಸಿತು.

ಮನೆಗೆ ಬಂದವರೇ ಅವರು ಬಿಳಿ ಪಾಪ್ಲಿನ್ ತುಂಡು, ಕೂದಲಿನಷ್ಟು ಸಪೂರದ ಚೂಪು ಸೂಜಿ, ಮಷೀನಿನ ನೀಲಿ ನೂಲು, ಎಲ್ಲವನ್ನೂ ಹೆಂಡತಿಗೆ ದಯಪಾಲಿಸಿದರು. ಎರಡು ದಿನ ಅವಳು ಹೆಣಗಿದಳು. ಒಂದು ಕ್ರಾಸು ಆನೆಯಾದರೆ ಪಕ್ಕದ್ದು ಇಲಿ. ಹಕ್ಕಿ ಮಾತ್ರ ಯಾವ ದಿಕ್ಕಿನಿಂದ ನೋಡಿದರೂ ಸವೆದ ಚಪ್ಪಲಿಯಂತಿತ್ತು.

"ಈ ಬಟ್ಟೇಲಿ ಚೌಕ ಎಲ್ಲಿದೆ ರೀ? ಏನನ್ನ ಎಣಿಸ್ಲಿ?"

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

ಬಟ್ಟೆ ಹಾರಿಬಂದು ಅವರ ತೊಡೆಯ ಮೇಲೆ ಬಿತ್ತು. "ತಗೊಳ್ಳಿ. ನೀವೇ ಕುಣೀರಿ."

ಕುಣಿದೇ ತೋರಿಸುವ ವೀರಾವೇಶ ಮಾಸ್ಟರಿಗೆ ಬಂತು. ಮರುದಿನ ಮಧ್ಯಾಹ್ನ ಹೊಸ ಪಾಪ್ಲಿನ್ ತುಂಡಿನ ಮೇಲೆ ಟೇಪು ಹಿಡಿದು, ಚಾಕಿನಿಂದ ಚೌಕ ಎಳೆದು, ಅದನ್ನು ಎಡ ತೊಡೆಯ ಮೇಲೆ ಬಿಗಿಯಾಗಿ ಹಾಸಿಕೊಂಡು ಕೂತರು. ಕೊಕ್ಕು ಬಂತು. ತಲೆ ಬಂತು. ದುಂಡನೆಯ ಎದೆ ಬಂತು. ಆಗಾಗ ತೊಡೆಗೆ ಚುರುಕ್ ಎನ್ನುತ್ತಿತ್ತು, ಸೊಳ್ಳೆ ಎಂದುಕೊಂಡರು. ಕಲೆಯ ಸಮಾಧಿಯಲ್ಲಿದ್ದವರಿಗೆ ಸೊಳ್ಳೆ ಯಾವ ಲೆಕ್ಕ?

ಆಗಲೇ ಬ್ಯಾಂಕಿನ ಮ್ಯಾನೇಜರು ಕೋಟಿನ ಟ್ರಯಲ್‌ಗೆ ಬಂದದ್ದು. ಮಾಸ್ಟರು "ಬನ್ನಿ ಸಾರ್" ಎಂದು ಎದ್ದರು. ಹಕ್ಕಿಯೂ ಅವರೊಂದಿಗೆ ಎದ್ದಿತು. ಕೊಡವಿದರು, ಬೀಳಲಿಲ್ಲ. ಎಳೆದರು, ಪ್ಯಾಂಟೇ ಬಂತು. ತಾವೇ ಹೊಲಿದುಕೊಂಡಿದ್ದ ಬೂದು ಬಣ್ಣದ ಹೊಸ ಪ್ಯಾಂಟಿಗೆ ನೂರಾರು ಕ್ರಾಸುಗಳಲ್ಲಿ ಹಕ್ಕಿ ಭದ್ರವಾಗಿ ಅಂಟಿ ಕೂತಿತ್ತು.

"ಏನ್ ಮಾಸ್ಟ್ರೇ, ಇದು ಹೊಸ ಫ್ಯಾಷನ್ನಾ?"

"ಹೂಂ... ಹೌದು ಸಾರ್. ಈಗ ಬಂದಿರೋದು."

"ನನ್ನ ಕೋಟಿಗೆ ಬೇಡ," ಎಂದು ಮ್ಯಾನೇಜರು ಗಂಭೀರವಾಗಿ ಹೇಳಿ, ಟ್ರಯಲ್ಲಿಗೆ ಇನ್ನೊಂದು ದಿನ ಬರುವುದಾಗಿ ತಿಳಿಸಿ, ಬಾಗಿಲಲ್ಲಿ ಮತ್ತೊಮ್ಮೆ ತಿರುಗಿ ನೋಡಿ ಹೋದರು.

ಮಾಸ್ಟರು ಸಿಟ್ಟಿನಲ್ಲಿ ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚಲು ಹೋದರು. ಹಕ್ಕಿಗೆ ಏನೂ ಆಗಲಿಲ್ಲ. ಪ್ಯಾಂಟು ಒಂದು ಗೇಣು ಸೀಳಿತು.

ಸದ್ದಿಗೆ ಓಡಿಬಂದ ಮಾಸ್ಟ್ರಮ್ಮ ಮೊದಲು ನಕ್ಕಳು, ನಗು ತಾಳಲಾರದೆ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದಾಗ ಮುಖದಲ್ಲಿ ನಗು ಇರಲಿಲ್ಲ.

"ಮೊಂಡು ಸೂಜಿ ಆಗಿದ್ರೆ ಪ್ಯಾಂಟಿಗೆ ಇಳೀತಿತ್ತಾ? ಮೂವತ್ತೊಂದು ವರ್ಷ ನಿಮ್ಮ ಗಿರಾಕಿಗಳಿಗೆ ಗುಂಡಿ ಹಾಕಿದೀನಿ, ಕಾಜ ಹೊಲ್ದಿದೀನಿ. ನಿಮ್ಮ ಸೂಜಿ, ನಿಮ್ಮ ನೂಲು, ನೀವು ಹೇಳಿದ ಬಣ್ಣ. ಒಂದು ಹಕ್ಕಿ ರೀ. ಒಂದೇ ಒಂದು ಹಕ್ಕೀನ ನನಗೆ ಬೇಕಾದ ಸೂಜೀಲಿ ಹೊಲೀಬಾರ್ದಾ ನಾನು?"

ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಎಷ್ಟೋ ಜನರ ಅಳತೆ ತೆಗೆದವರು, ಹೆಂಡತಿಯನ್ನು ಮಾತ್ರ ಅಳೆದೇ ಇರಲಿಲ್ಲವೇನೋ ಎಂದು ಒಂದು ಕ್ಷಣ ಅನ್ನಿಸಿತು.

"ಮೊಂಡು ಗಂಡನ್ನೇ ಇಟ್ಕೊಂಡು ಸಂಸಾರ ಮಾಡಿದೀನಿ," ಎಂದಳು ಅವಳು, ಚೀಟಿಯನ್ನು ಅವರ ಕೈಗೆ ತುರುಕುತ್ತ. "ಮೊಂಡು ಸೂಜಿ ಏನ್ ಮಹಾ!"

ಮರುದಿನ ಬೆಳಗ್ಗೆ ಮಾಸ್ಟರು ಒಬ್ಬರೇ ಕಸೂತಿ ಅಂಗಡಿಗೆ ಹೋದರು. ಒಳಗೊಳಗೆ ಕುದಿಯುತ್ತಲೇ ಇದ್ದರು, ಯಾರ ಮೇಲೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ರಾತ್ರಿಯೆಲ್ಲ ರೆಕ್ಕೆ ಇಲ್ಲದ ಆ ಹಕ್ಕಿ ಕಣ್ಣಿಗೆ ಕಟ್ಟಿತ್ತು. ಎದೆಯ ಭಾಗ ಎಷ್ಟು ಚೆನ್ನಾಗಿ ಬಂದಿತ್ತು! ಮುಗಿಸೋಣವೆಂದು ನಕ್ಷೆ ಕೇಳಿದರೆ ಮಾಸ್ಟ್ರಮ್ಮ "ಅದು ನಂದು, ಬೇಕಿದ್ರೆ ನೀವೊಂದು ತಂದ್ಕೊಳ್ಳಿ" ಎಂದಿದ್ದಳು.

"ಚೀಟೀಲಿ ಇರೋದೆಲ್ಲ ಎರಡೆರಡು ಕೊಡಿ," ಎಂದರು ಮಾಸ್ಟರು, ದನಿ ತಗ್ಗಿಸಿ. "ಹಕ್ಕಿ ನಕ್ಷೆ ಒಂದು."

ಅಂಗಡಿಯಾಕೆ ಕನ್ನಡಕ ಏರಿಸಿಕೊಂಡಳು. "ಒಂದು ಸೆಟ್ಟು ಅಮ್ಮನವರಿಗೆ. ಇನ್ನೊಂದು ಮಗೂಗಾ ಸಾರ್? ಚಿಕ್ಕೋರಿಗೆ ಅಂತಾನೇ ಪ್ಲಾಸ್ಟಿಕ್ ಸೂಜಿ ಬಂದಿದೆ. ಎಷ್ಟು ವಯಸ್ಸು?"

ಮಾಸ್ಟರು ಹಿಂದೆ ಮುಂದೆ ನೋಡಿದರು. ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ.

"ಐವತ್ತೆಂಟು," ಎಂದರು, ಹಲ್ಲು ಕಚ್ಚಿ.

ಆಕೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಕೆಳಗಿನ ಖಾನೆಯಿಂದ ಬೇರೊಂದು ಬಟ್ಟೆ ತೆಗೆದು ಅವರ ಮುಂದೆ ಹರಡಿದಳು.

"ಹಾಗಾದ್ರೆ ಇದು ತಗೊಳ್ಳಿ ಸಾರ್. ತೂತು ಇನ್ನೂ ದೊಡ್ಡದು."