ಅರ್ಧ ಮುಖದ ಮಾಸ್ತರ

ನನ್ನ ಮುಖದ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಚೆಂದದ ವಿಷಯದಲ್ಲಲ್ಲ, ಆ ಮಾತು ಎತ್ತಿದರೆ ನನ್ನ ಹೆಂಡತಿ ಸುವರ್ಣಾ ಅಡುಗೆಮನೆಯಿಂದಲೇ ಕೆಮ್ಮುತ್ತಾಳೆ. ಜಂಬ ಇದ್ದದ್ದು ಅದರ ಕೆಲಸದ ಬಗ್ಗೆ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೈಗುಣ ಕೊಡುತ್ತಾನೆ. ನನಗೆ ಹೆದರಿಸುವ ಮುಖ ಕೊಟ್ಟ. ಜಮಖಂಡಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅನಾಟಮಿ ಕಲಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮೇಜು ಕುಟ್ಟಿದವನಲ್ಲ, ಯಾರಿಗೂ ಏರುದನಿಯಲ್ಲಿ ಬೈದವನಲ್ಲ. ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿದರೆ ಮುಗಿಯಿತು, ಎಂಬತ್ತು ಹುಡುಗ ಹುಡುಗಿಯರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಮಾಸ್ತರರು, "ಸರ್, ನಮ್ಮ ಕ್ಲಾಸಿನ ಮುಂದ ಒಂದ ಸಲ ಸುಮ್ನ ಹಾದು ಹೋಗ್ರಿ" ಎಂದು ಬಂದು ಕೇಳಿಕೊಂಡದ್ದುಂಟು. ನಾನೂ ಹಾದು ಹೋಗಿದ್ದುಂಟು. ಪರೋಪಕಾರವೆಂದರೆ ನನಗೆ ಮೊದಲಿನಿಂದಲೂ ಇಷ್ಟ.

ಅದರಲ್ಲೂ ಮುಖದ ಸ್ನಾಯುಗಳ ಪಾಠವೆಂದರೆ ನನಗೆ ವಿಶೇಷ ಹುರುಪು. ಮೈಯ ಉಳಿದ ಸ್ನಾಯುಗಳು ದುಡಿಯುವ ಮಂದಿ. ಎಲುಬಿನಿಂದ ಎಲುಬಿಗೆ ಕಟ್ಟಿಕೊಂಡು ಭಾರ ಎತ್ತುತ್ತವೆ, ಕಾಲು ನಡೆಸುತ್ತವೆ. ಮುಖದವು ಹಾಗಲ್ಲ. ಅವು ಬಂದು ಸೇರುವುದು ನೇರ ಚರ್ಮಕ್ಕೆ. ಒಳಗೆ ಚೂರು ಎಳೆದರೂ ಹೊರಗೆ ಕಾಣುತ್ತದೆ, ಆದ್ದರಿಂದಲೇ ಮನುಷ್ಯನಿಗೆ ಸಿಟ್ಟು ಮುಚ್ಚಿಡಲು ಆಗುವುದಿಲ್ಲ. ಕಣ್ಣಿನ ಸುತ್ತ ಬಳೆಯ ಹಾಗೆ ಒಂದು, ತುಟಿಯ ಸುತ್ತ ಇನ್ನೊಂದು, ಕೆನ್ನೆಯ ಎಲುಬಿನಿಂದ ಬಾಯಿಯ ಮೂಲೆಗೆ ಇಳಿದು ನಗಿಸುವುದು ಮತ್ತೊಂದು. ಇವಕ್ಕೆಲ್ಲ ಅಪ್ಪಣೆ ಕೊಡುವುದು ಕಡೆಗೊಂದರಂತೆ ಇರುವ ಏಳನೆಯ ನರ. ಕಿವಿಯ ಹಿಂದಿನ ಇಕ್ಕಟ್ಟಿನ ತೂತಿನಿಂದ ಹೊರಬಿದ್ದು, ಜೊಲ್ಲಿನ ಗ್ರಂಥಿಯೊಳಗೆ ನುಸುಳಿ, ಐದು ಕವಲಾಗಿ ಹಣೆ, ಕಣ್ಣು, ಗಲ್ಲ, ದವಡೆ, ಕುತ್ತಿಗೆಗೆ ಹೋಗುತ್ತದೆ. "ಕಪಾಳಕ್ಕ ಹೊಡದಾಗ ಐದು ಬೆರಳು ಮೂಡ್ತಾವಲ್ಲ, ಅದ ಇದರ ನಕಾಶೆ" ಎಂದು ಕ್ಲಾಸಿನಲ್ಲಿ ಹೇಳುತ್ತೇನೆ. ಇದನ್ನು ಯಾರೂ ಮರೆತಿಲ್ಲ. ಹೇಳುವಾಗ ನನ್ನ ಕೈ ಸ್ವಲ್ಪ ಮೇಲೆದ್ದಿರುತ್ತದೆ, ಅದೂ ಒಂದು ಕಾರಣವಿರಬಹುದು. ಇನ್ನೊಂದು ಮಾತನ್ನು ವರ್ಷಕ್ಕೆ ನೂರು ಸಲ ಹೇಳುತ್ತೇನೆ: ಎದುರಿಗೆ ಮಲಗಿಸಿದ ದೇಹದ ಎಡಭಾಗ ನಿಮ್ಮ ಬಲಗೈ ಕಡೆ ಇರುತ್ತದೆ. ಎಡ ಬಲ ತಪ್ಪಿದವರನ್ನು ಮೌಖಿಕ ಪರೀಕ್ಷೆಯಲ್ಲಿ ನಾನು ಉಳಿಸಿದ್ದಿಲ್ಲ.

ಇಂಥ ನನಗೆ ಕಳೆದ ಚಳಿಗಾಲದಲ್ಲಿ ಹೀಗಾಯಿತು. ಲೋಕಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತು ಬಂದಿದ್ದೆ. ಮರುದಿನ ಮುಂಜಾನೆ ಬಾಯಿ ಮುಕ್ಕಳಿಸಿದರೆ, ನಾನು ಉಗುಳುವ ಮೊದಲೇ ನೀರು ಬಲಗಡೆಯ ತುಟಿಯ ಮೂಲೆಯಿಂದ ತಾನಾಗಿ ಹೊರಟು ಬನಿಯನ್ನಿನ ಮೇಲೆ ಇಳಿಯಿತು. ಚಹಾ ತಂದ ಸುವರ್ಣಾ ನನ್ನನ್ನು ನೋಡಿ ನಿಂತಳು.

"ರೀ, ಮುಂಜಾನೆದ್ದು ಯಾಕ ಹಂಗ ಮಾರಿ ಮಾಡೀರಿ?"

"ನಾ ಏನೂ ಮಾಡಿಲ್ಲ."

"ಅದನ್ನ ಹೇಳಾಕತ್ತೇನಿ. ಅರ್ಧಾ ಮಾಡೀರಿ, ಅರ್ಧಾ ಹಂಗ ಬಿಟ್ಟೀರಿ."

ಕನ್ನಡಿಯ ಮುಂದೆ ನಿಂತೆ. ಮುಖದ ಒಂದು ಭಾಗ ನನ್ನದು, ಇನ್ನೊಂದು ಭಾಗ ಯಾರೋ ಒಗೆದು ಹಿಂಡದೆ ಒಣಹಾಕಿದ್ದು. ಹುಬ್ಬು ಏರಿಸಿದರೆ ಒಂದೇ ಏರಿತು. ಕಣ್ಣು ಮುಚ್ಚಿದರೆ ಒಂದೇ ಮುಚ್ಚಿತು. ಖರೆ ಹೇಳುತ್ತೇನೆ, ನನಗೆ ಭಯವಾಯಿತು. ಪಾಠ ಮಾಡುವಾಗ ಈ ರೋಗವನ್ನು ಒಂದು ಪುಟದಲ್ಲಿ ಮುಗಿಸುತ್ತಿದ್ದೆ. ಅದು ಇಷ್ಟು ಉದ್ದವಿದೆ ಎಂದು ಗೊತ್ತಿರಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ ಸಮಾಧಾನ ಹೇಳಿದರು. "ನರಕ್ಕ ಬಾವು ಬಂದೈತ್ರಿ ಸರ್, ಇಳೀತೈತಿ. ಹಣಿ ಮ್ಯಾಲಿನ ಗೆರಿ ಸೈತ ಹೋಗ್ಯಾವು ನೋಡ್ರಿ. ಅಂದ್ರ ತೊಂದ್ರಿ ನರದಾಗ ಐತಿ, ಮೆದುಳಿನ್ಯಾಗ ಅಲ್ಲ. ಮೆದುಳು ಛಲೋ ಐತಿ."

"ಯಾವದಕ್ಕೂ ಅದನ್ನೂ ಒಮ್ಮೆ ನೋಡಿಬಿಡ್ರಿ" ಎಂದಳು ಸುವರ್ಣಾ.

ಅವಳ ಮಾತು ಆ ದಿನ ಯಾಕೋ ವಿಪರೀತ ಜೋರಾಗಿ ಕೇಳಿಸಿತು. ಅದಕ್ಕೂ ಶಾಸ್ತ್ರದಲ್ಲಿ ಕಾರಣವಿದೆ. ಈ ಏಳನೆಯ ನರ ಕಿವಿಯೊಳಗೂ ಒಂದು ಪುಟ್ಟ ಸ್ನಾಯುವನ್ನು ಸಾಕಿಕೊಂಡಿದೆ. ದೊಡ್ಡ ಸಪ್ಪಳ ಬಂದರೆ ತಗ್ಗಿಸಿ ಒಳಗೆ ಬಿಡುವುದು ಅದರ ಕೆಲಸ. ನರ ಕೈಕೊಟ್ಟಾಗ ಆ ಕಡೆಯ ಕಿವಿಗೆ ಎಲ್ಲವೂ ಇದ್ದ ಹಾಗೇ ಬೀಳುತ್ತದೆ. ನಮ್ಮ ಮೂವತ್ತು ವರ್ಷದ ಸಂಸಾರ ಯಾರ ದಯದಿಂದ ಸುಸೂತ್ರವಾಗಿ ನಡೆದಿತ್ತು ಎಂಬುದು ನನಗೆ ತಿಳಿದದ್ದು ಆಗ.

ಡಾಕ್ಟರು ಗುಳಿಗೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು. ಓಣಿಯವರು ಉಳಿದದ್ದೆಲ್ಲ ಕೊಟ್ಟರು. ಒಬ್ಬರು ಲಕ್ವಾ ಎಂದರು, ಇನ್ನೊಬ್ಬರು ಗಾಳಿ ಬಡಿದಿದೆ ಎಂದರು, ಮತ್ತೊಬ್ಬರು ಹುನ್ನೂರ ಕಡೆ ಯಾರೋ ಎಲೆ ಔಷಧ ಕೊಡುತ್ತಾರೆಂದು ಹೇಳಿ ಹೊತ್ತು ಹೊತ್ತಿಗೆ ಬಂದು ವಿಚಾರಿಸಿದರು. ನನ್ನ ಚಿಂತೆ ಬೇರೆಯೇ ಇತ್ತು. ಮುಖ ಹೀಗೇ ಉಳಿದರೆ ಕ್ಲಾಸಿನಲ್ಲಿ ನನಗೆ ಹೆದರುವವರು ಯಾರು? ಅರ್ಧ ಹುಬ್ಬಿಗೆ ಎಂಬತ್ತು ಮಂದಿಯಲ್ಲಿ ನಲವತ್ತು ಮಂದಿಯಾದರೂ ಹೆದರುತ್ತಾರೆಂಬ ಭರವಸೆ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಗಳಿಕೆ ಒಂದು ಬಸ್ಸಿನ ಕಿಟಕಿಯಿಂದ ಹಾರಿಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಕಾಲೇಜಿಗೆ ರಜೆ ಬರೆದುಕೊಟ್ಟೆ.

ಸ್ನಾಯುಗಳಿಗೆ ಕರೆಂಟಿನ ಚಿಕಿತ್ಸೆ ಮಾಡಿಸಲು ಬನಹಟ್ಟಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಶ್ರೀಶೈಲ ಫಿಜಿಯೋಥೆರಪಿ ಸೆಂಟರ್ ಇಟ್ಟಿದ್ದಾನೆ. ಊರು ತುಂಬ ಮಗ್ಗಗಳು, ಆದ್ದರಿಂದ ಊರು ತುಂಬ ಹೆಗಲು ನೋವು, ಸೊಂಟ ನೋವು. ಅವನಿಗೆ ಕೈತುಂಬ ಕೆಲಸ. ನಾನು ಬರಿಗೈಯಲ್ಲಿ ಹೋಗಲಿಲ್ಲ. ಮಾಸ್ತರ ಎಂದಮೇಲೆ ಮಾಸ್ತರನ ಹಾಗೆ ಹೋಗಬೇಕು. ಹಿಂದಿನ ದಿನವೇ ಕನ್ನಡಿ ಮುಂದೆ ಕೂತು, ದೊಡ್ಡ ಹಾಳೆಯ ಮೇಲೆ ನನ್ನ ಮುಖದ ಚಿತ್ರ ಬರೆದು, ನರದ ಐದು ಕವಲುಗಳಿಗೆ ಹಳದಿ ಬಣ್ಣ ತುಂಬಿ, ಕೆಟ್ಟ ಕಡೆಗೆ ಕೆಂಪು ಬಾಣ ಹಾಕಿ, ಕೆಳಗೆ ವಿವರ ಬರೆದಿದ್ದೆ. ಶ್ರೀಶೈಲ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಓದಿದ. ನನ್ನ ಮುಖ ನೋಡಿದ. ಮತ್ತೆ ಓದಿದ. "ಆತ್ರಿ ಸರ್" ಎಂದ.

ಅವನು ತಂತಿಯ ತುದಿಯನ್ನು ನನ್ನ ಎಡಗಲ್ಲಕ್ಕೆ ಇಟ್ಟಾಗ ನನಗೆ ಆನಂದವಾಯಿತು. ಮೊದಲು ಚೆನ್ನಾಗಿರುವ ಕಡೆ ನೋಡಿ, ಆಮೇಲೆ ಕೆಟ್ಟ ಕಡೆಯನ್ನು ಅದಕ್ಕೆ ಹೋಲಿಸಬೇಕು ಎಂದು ಕಲಿಸಿದವನು ನಾನೇ. ಹುಡುಗ ನೆನಪಿಟ್ಟಿದ್ದಾನಲ್ಲ! ಎರಡನೆಯ ದಿನವೂ ಎಡಗಲ್ಲವೇ. ನಿಧಾನಸ್ಥ, ಆತುರವಿಲ್ಲ, ಒಳ್ಳೆಯದು ಎಂದುಕೊಂಡೆ. ಮೂರನೆಯ ದಿನ ಸ್ವಲ್ಪ ಅನುಮಾನ ಬಂದದ್ದು ನಿಜ. ಆದರೆ ಶಿಷ್ಯ ಕೆಲಸ ಮಾಡುವಾಗ ಗುರು ನಡುವೆ ಬಾಯಿ ಹಾಕಬಾರದು. ಹೊಸ ಪದ್ಧತಿ ಏನಾದರೂ ಬಂದಿದ್ದು ನನಗೆ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುವುದು ನನ್ನದೇ. "ಛಲೋ ರೆಸ್ಪಾನ್ಸ್ ಐತ್ರಿ ಸರ್" ಎನ್ನುತ್ತಿದ್ದ ಅವನು, ನೆಲ ನೋಡುತ್ತ. ಇರದೇನು? ಚೆನ್ನಾಗಿದ್ದ ಎಡಗಲ್ಲ ಕರೆಂಟು ಮುಟ್ಟಿದ ಕೂಡಲೇ ಕುಣಿಯುತ್ತಿತ್ತು.

ಅದೇ ಮೂರನೆಯ ದಿನ ಬರುವಾಗ ರಬಕವಿಯಲ್ಲಿ ಇಳಿದು, ನಮ್ಮ ಕಾಲೇಜಿನ ಹೆಡ್ ಕ್ಲಾರ್ಕರ ಮನೆಗೆ ಹೋಗಬೇಕಾಯಿತು. ಅವರ ತಾಯಿ ತೀರಿಕೊಂಡಿದ್ದರು. ನಮ್ಮ ಕಡೆ ಮದುವೆಗೆ ತಪ್ಪಿಸಿದರೂ ನಡೆದೀತು, ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರುವುದನ್ನು ತಪ್ಪಿಸುವ ಹಾಗಿಲ್ಲ. ನನಗೂ ಅವರಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಜಮಖಾನೆಯ ಮೇಲೆ ಕೂತೆ. ಮುಚ್ಚಲಾರದ ಬಲಗಣ್ಣಿನಿಂದ ನೀರು ಧಾರಾಕಾರ. ಸಮಾಧಾನದ ಮಾತು ಹೇಳಲು ಬಾಯಿ ತೆರೆದರೆ ಎಡಗಡೆಯ ತುಟಿ ಮೇಲೇರಿ ನಕ್ಕ ಹಾಗಾಗುತ್ತಿತ್ತು, ಅದಕ್ಕೆ ಕರವಸ್ತ್ರ ಒತ್ತಿ ಹಿಡಿದೆ. ನಾನು ಬಿಕ್ಕುತ್ತಿದ್ದೇನೆಂದೇ ಎಲ್ಲರೂ ತಿಳಿದರು. ಹೆಡ್ ಕ್ಲಾರ್ಕರು ನನ್ನ ಕೈ ಹಿಡಿದು, "ಹೆತ್ತ ಮಕ್ಕಳ ಕಣ್ಣಾಗೂ ಇಷ್ಟ ನೀರ ಬಂದಿಲ್ರಿ ಸರ್, ನಾವ ನಿಮ್ಮನ್ನ ತಪ್ಪ ತಿಳದಿದ್ವಿ" ಎಂದರು. ಅದು ಏಳನೆಯ ನರದ ಕಣ್ಣೀರು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಇಂದಿಗೂ ಆಗಿಲ್ಲ.

ಐದನೆಯ ದಿನ ನನ್ನ ಪಕ್ಕದ ಮಂಚದ ಮೇಲೆ ಒಬ್ಬ ಮುದಿ ನೇಕಾರ ಹೆಗಲಿಗೆ ಶಾಖ ತೆಗೆದುಕೊಳ್ಳುತ್ತ ಕೂತಿದ್ದ. ಶ್ರೀಶೈಲ ಅವನನ್ನು ಕಾಕಾ ಎನ್ನುತ್ತಿದ್ದ. ಕಾಕಾ ನನ್ನ ಎಡಗಲ್ಲ ಕುಣಿಯುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ.

"ಏ ತಮ್ಮಾ, ಮಾಸ್ತರದು ಕೆಟ್ಟಿದ್ದು ಆ ಕಡೆ ಗಲ್ಲ ಹೌದಲ್ಲೋ? ಎಳಿ ಹರದದ್ದು ಒಂದ ಕಡೆ, ನೀ ಗಂಟ ಹಾಕಾಕತ್ತಿದ್ದು ಇನ್ನೊಂದ ಕಡೆ."

ಶ್ರೀಶೈಲನ ಕೈ ನಿಂತಿತು. ನಾನು ಎದ್ದು ಕೂತೆ.

"ಶ್ರೀಶೈಲ, ಕೆಟ್ಟಿದ್ದು ಬಲಗಡೆ ಐತಿ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ ಸರ್."

"ಯಾವಾಗಿಂದ?"

"ನೀವು ಬಾಗಲದಾಗ ಬಂದಾಗಿಂದ್ರಿ."

"ಮತ್ತ ಯಾಕ ಹೇಳಲಿಲ್ಲ?"

ಅವನು ಮೇಜಿನ ಖಾನೆಯಿಂದ ನನ್ನ ಚಿತ್ರ ತೆಗೆದು ಮುಂದೆ ಹಿಡಿದ. ನನ್ನದೇ ಮುತ್ತಿನಂಥ ಅಕ್ಷರದಲ್ಲಿ 'ಎಡಭಾಗ' ಎಂದು ಬರೆದಿತ್ತು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. "ನೀವ ಬರದೀರಿ ಸರ್. ನೀವು ಬರದದ್ದ ತಪ್ಪೈತಿ ಅಂತ ನಾ ಹೆಂಗ ಹೇಳ್ಲಿ? ಮೊದ್ಲ ನನ್ನ ಪರೀಕ್ಷಾ ಮಾಡಾಕತ್ತೀರಿ ಅಂದ್ಕೊಂಡೆ. ಹೇಳಿದ್ರ ಏನ ಅಂತೀರೋ, ಹೇಳಲಿಲ್ಲಂದ್ರ ಏನ ಅಂತೀರೋ... ಐದ ದಿನ ಆತ್ರಿ, ನನಗ ಊಟ ಸೇರಿಲ್ಲ."

ತಪ್ಪು ಎಲ್ಲಿ ಆಯಿತೆಂದು ನನಗೆ ಕೂಡಲೇ ಹೊಳೆಯಿತು. ಜೀವಮಾನವೆಲ್ಲ ಎದುರಿಗಿರುವ ದೇಹ ನೋಡಿ, 'ನನ್ನ ಬಲಗೈ ಕಡೆ ಇರುವುದು ಅದರ ಎಡ' ಎಂದು ಲೆಕ್ಕ ಹಾಕಿದ ಕಣ್ಣು ಇದು. ಕನ್ನಡಿಯಲ್ಲಿ ನನ್ನನ್ನೇ ನೋಡಿದಾಗಲೂ ಎದುರಿಗೆ ಯಾರೋ ಇದ್ದಾರೆಂದು ಅದೇ ಲೆಕ್ಕ ಹಾಕಿತು. ಕನ್ನಡಿಗೆ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬಲಗೈ ಕಡೆ ಇರುವುದು ನನ್ನ ಬಲವೇ. ಇದು ಸಣ್ಣ ಮಕ್ಕಳು ಮಾಡದ ತಪ್ಪು. ಇಪ್ಪತ್ತೆಂಟು ವರ್ಷ ಅನಾಟಮಿ ಕಲಿಸಿದವನು ಮಾತ್ರ ಇದನ್ನು ಮಾಡಬಲ್ಲ.

ಗುಳಿಗೆಗಳಿಗೆ ಎಡ ಬಲ ಗೊತ್ತಿಲ್ಲದ್ದು ನನ್ನ ಪುಣ್ಯ, ಅವು ತಮ್ಮ ಕೆಲಸ ತಾವು ಮಾಡುತ್ತಿದ್ದವು. ಆದರೆ ಬಸ್ಸಿನಲ್ಲಿ ಜಮಖಂಡಿಗೆ ಮರಳುವಾಗ ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಶ್ರೀಶೈಲ ಜಾಣ, ಪ್ರಾಮಾಣಿಕ, ಊರಿಗೇ ಬೇಕಾದ ಹುಡುಗ. ಅಂಥವನು ಕಣ್ಣಿಗೆ ಕಾಣುವ ಸತ್ಯವನ್ನು ಐದು ದಿನ ನುಂಗಿಕೊಂಡು, ಊಟ ಬಿಟ್ಟು, ತಪ್ಪು ಗಲ್ಲಕ್ಕೆ ಕರೆಂಟು ಕೊಟ್ಟನಲ್ಲ, ಅದು ನನ್ನ ಈ ಹೆಮ್ಮೆಯ ಮುಖದ ಪ್ರತಾಪ. ಅವನ ಹಾಗೆ ಇನ್ನೂ ಎಷ್ಟು ಮಂದಿ, ನಾನು ಹಲಗೆಯ ಮೇಲೆ ತಪ್ಪು ಬರೆದದ್ದನ್ನು ನೋಡಿಯೂ ತಲೆ ತಗ್ಗಿಸಿ ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಾರೋ! ಹೆದರಿದವರು ಏನೂ ಕಲಿತಿರಲಿಲ್ಲ, ನಾನು ಬರೆದದ್ದನ್ನು ನಂಬಿದ ಹಾಗೆ ನಟಿಸುವುದನ್ನು ಮಾತ್ರ ಕಲಿತಿದ್ದರು.

ಈ ಮಾತನ್ನು ಮನೆಗೆ ಬಂದು ಸುವರ್ಣಾಗೆ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ನಗಾಕ ಕಲೀರಿ, ಎಲ್ಲಾ ಸರಿ ಹೋಗ್ತೈತಿ" ಎಂದಳು. ಶ್ರೀಶೈಲನೂ ಅದನ್ನೇ ವ್ಯಾಯಾಮವಾಗಿ ಬರೆದುಕೊಟ್ಟಿದ್ದ: ಗಲ್ಲ ಉಬ್ಬಿಸುವುದು, ಸಿಳ್ಳೆ ಹಾಕುವುದು, ಹಲ್ಲು ಕಾಣುವ ಹಾಗೆ ನಗುವುದು, ದಿನಕ್ಕೆ ಮೂರು ಹೊತ್ತು. ಕನ್ನಡಿ ಮುಂದೆ ನಿಂತು ನಕ್ಕೆ. ಆಗ ಗೊತ್ತಾದ ಸಂಗತಿಯನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ: ಬಲಗಡೆ ನರವಿಲ್ಲದೆ ನಗುತ್ತಿರಲಿಲ್ಲ, ಎಡಗಡೆ ರೂಢಿಯಿಲ್ಲದೆ ನಗುತ್ತಿರಲಿಲ್ಲ. ಎರಡಕ್ಕೂ ಒಟ್ಟಿಗೇ ಪಾಠ ಶುರುವಾಯಿತು. ಐದಾರು ವಾರದಲ್ಲಿ ಬಲಗಣ್ಣು ಮುಚ್ಚಿತು, ನೀರು ಬಾಯಲ್ಲಿ ನಿಂತಿತು, ಹುಬ್ಬುಗಳು ಜೋಡಿಯಾಗಿ ಏಳತೊಡಗಿದವು. ಸುವರ್ಣಾಳ ದನಿ ಮೊದಲಿನ ಅಳತೆಗೆ ಇಳಿಯಿತು. ಆ ಪುಟ್ಟ ಸ್ನಾಯುವಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮತ್ತೆ ಕಾಲೇಜಿಗೆ ಹೋದ ದಿನ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಇನ್ನು ಮೇಲೆ ನನ್ನ ತಪ್ಪನ್ನು ನನ್ನ ಮುಂದೆಯೇ ಹೇಳುವ ಒಬ್ಬರಾದರೂ ಈ ಕ್ಲಾಸಿನಲ್ಲಿ ಇರಬೇಕು. ಬಾಗಿಲಲ್ಲಿ ನಿಂತೆ. ಎಂಬತ್ತು ಮಂದಿ ಉಸಿರು ಬಿಗಿಹಿಡಿದರು. ನಾನು ಹುಬ್ಬು ಗಂಟಿಕ್ಕಲಿಲ್ಲ. ಆರು ವಾರ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಹಲ್ಲು ಕಾಣುವ ಹಾಗೆ, ತುಂಬು ಮನಸ್ಸಿನಿಂದ ನಕ್ಕೆ.

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಬೀಳಗಿಯ ಹುಡುಗಿ ಮೆಲ್ಲಗೆ ಎದ್ದು ನಿಂತಳು. ವರ್ಷವಿಡೀ ನನ್ನ ಮುಂದೆ ಬಾಯಿ ತೆರೆದವಳಲ್ಲ. ಆದರೂ ಹೇಳಿಬಿಟ್ಟಳು.

"ಸರ್, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಮಾರಿ ಇನ್ನೂ ಆರಾಮ ಆಗಿಲ್ಲಂತ ಕಾಣತೈತ್ರಿ."

"ಯಾವ ಕಡೆ?" ಎಂದೆ, ನಗುತ್ತಲೇ.

ಅವಳು ನನ್ನನ್ನು ಒಮ್ಮೆ ಸರಿಯಾಗಿ ನೋಡಿದಳು.

"ಎರಡೂ ಕಡೆ ರೀ."